ರಸ್ತೆ ಹೆಚ್ಚು, ದಾರಿ ಕಡಿಮೆ

ಬೀಜಿಂಗ್‌ನ ದೊಂಗ್‌ಸಿ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದು ಉತ್ತರಕ್ಕೆ ಮುಖ ಮಾಡಿ ನಡೆಯಿರಿ. ಅಕ್ಟೋಬರ್ ತಿಂಗಳು, ಸಂಜೆ ನಾಲ್ಕರ ಹೊತ್ತು. ಬಿಸಿಲು ಚುರುಕಾಗಿದೆ, ನೆರಳಿಗೆ ಸರಿದರೆ ಮಾತ್ರ ಸ್ವೆಟರ್ ನೆನಪಾಗುತ್ತದೆ. ಬಲಗಡೆ ಒಂದು ಓಣಿ. ಸ್ವಲ್ಪ ಮುಂದೆ ಇನ್ನೊಂದು. ಅದರಾಚೆ ಮತ್ತೊಂದು. ಪ್ರತಿ ಓಣಿಯ ಬಾಯಲ್ಲೂ ಗೋಡೆಗೆ ಹೊಡೆದ ಕೆಂಪು ಫಲಕ: ದೊಂಗ್‌ಸಿ ಮೂರನೆಯದು, ನಾಲ್ಕನೆಯದು, ಐದನೆಯದು, ಹೀಗೆ ಹದಿನಾಲ್ಕರ ತನಕ. ಇವೇ ಹುಟೊಂಗ್‌ಗಳು.

ನಾಲ್ಕನೆಯದಕ್ಕೆ ತಿರುಗಿಕೊಳ್ಳಿ. ದೊಡ್ಡ ರಸ್ತೆಯ ಗದ್ದಲ ಹತ್ತು ಹೆಜ್ಜೆಗೇ ಹಿಂದೆ ಬೀಳುತ್ತದೆ. ಎರಡೂ ಬದಿಗೆ ಬೂದು ಇಟ್ಟಿಗೆಯ ಗೋಡೆ, ನಡುನಡುವೆ ಕೆಂಪು ಬಾಗಿಲು. ಅರೆ ತೆರೆದ ಒಂದು ಬಾಗಿಲಿನಿಂದ ಇಣುಕಿದರೆ ಒಳಗೆ ಅಂಗಳ, ಅಂಗಳದ ನಾಲ್ಕೂ ಕಡೆ ಕೋಣೆಗಳು. ನಮ್ಮ ತೊಟ್ಟಿ ಮನೆಯೇ ಇಲ್ಲಿಗೆ ಬಂದು ಕೂತಂತಿದೆ. ಆದರೆ ಒಂದು ಕುಟುಂಬ ಇದ್ದಲ್ಲಿ ಈಗ ಐದಾರು ಕುಟುಂಬಗಳು. ಅಂಗಳದ ಜಾಗವನ್ನೆಲ್ಲ ಅಡುಗೆಮನೆಗಳೂ ಸಾಮಾನು ತುಂಬಿದ ಗೂಡುಗಳೂ ನುಂಗಿವೆ. ಹೆಚ್ಚಿನ ಮನೆಗಳಿಗೆ ಸ್ವಂತ ಶೌಚಾಲಯವಿಲ್ಲ. ಓಣಿಯಲ್ಲಿ ಆಗಾಗ ಎದುರಾಗುವ ಸಾರ್ವಜನಿಕ ಶೌಚಾಲಯಕ್ಕೆ ಚಳಿಗಾಲದ ರಾತ್ರಿಯಲ್ಲೂ ನಡೆದೇ ಬರಬೇಕು. ಹಳೆಯದರ ಚಂದವನ್ನು ನೋಡಿ ಮರುಳಾಗುವವರು ಇದನ್ನೂ ಒಂದಿಷ್ಟು ನೋಡಬೇಕು.

ಗಮನ ಕೊಡಬೇಕಾದದ್ದು ಮನೆಗಳಿಗಲ್ಲ, ಓಣಿಗೆ. ಇಲ್ಲಿ ಯಾರು ಬೇಕಾದರೂ ಬರಬಹುದು. ಕಾವಲುಗಾರನಿಲ್ಲ, ಗೇಟಿಲ್ಲ. ತರಕಾರಿ ಚೀಲ ನೇತುಹಾಕಿಕೊಂಡ ಸೈಕಲ್ ಅಜ್ಜಿ, ಮೂರು ಗಾಲಿಯ ಗಾಡಿಯಲ್ಲಿ ರಟ್ಟು ತುಂಬಿಕೊಂಡ ಗುಜರಿಯವ, ಊಟದ ಪೊಟ್ಟಣ ತಲುಪಿಸುವ ಹಳದಿ ಜಾಕೆಟ್ಟಿನ ಹುಡುಗ, ಎಲ್ಲರೂ ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹೊರಬೀಳುತ್ತಾರೆ. ಈ ರೇಖೆಗಳನ್ನು ಎಳೆದದ್ದು ಕುಬ್ಲೈ ಖಾನನ ಕಾಲದಲ್ಲಿ. 1267ರಲ್ಲಿ ಅವನು ಇಲ್ಲಿ ಕಟ್ಟಲು ಶುರುಮಾಡಿದ ರಾಜಧಾನಿ ದಾದುವಿನಲ್ಲಿ ದೊಡ್ಡ ಬೀದಿಗೆ 24 ಹೆಜ್ಜೆ ಅಗಲ, ಸಣ್ಣ ಬೀದಿಗೆ 12 ಹೆಜ್ಜೆ ಎಂದು ನಿಯಮವಿತ್ತು. ಓಣಿಗಳು ಅದಕ್ಕಿಂತಲೂ ಕಿರಿದು. ಒಂದು ಓಣಿಗೂ ಪಕ್ಕದ ಓಣಿಗೂ ನಡುವೆ ಇಂದಿಗೂ ಸುಮಾರು 80 ಮೀಟರ್ ಅಂತರ. ರಾಜವಂಶಗಳು ಬಂದವು, ಹೋದವು. ಮನೆಗಳು ಬಿದ್ದವು, ಎದ್ದವು. ದೊಂಗ್‌ಸಿಯ ಗೆರೆಗಳು ಮಾತ್ರ ಅಲ್ಲೇ ಉಳಿದವು.

ಈ ಗೆರೆಗಳಿಗೂ ಒಂದು ಕೊರತೆಯಿದೆ. ನಡೆಯುತ್ತಾ ನಡೆಯುತ್ತಾ ಅದು ನಿಮ್ಮ ಕಾಲಿಗೇ ತಿಳಿಯುತ್ತದೆ. ಓಣಿ ಪೂರ್ವ ಪಶ್ಚಿಮವಾಗಿ ಸುಮಾರು 700 ಮೀಟರ್ ಉದ್ದ ಸಾಗುತ್ತದೆ, ಉತ್ತರ ದಕ್ಷಿಣಕ್ಕೆ ಅಡ್ಡದಾರಿಗಳು ಅಪರೂಪ. ಬೆನ್ನಿಗೆ ಬೆನ್ನು ಕೊಟ್ಟಿರುವ ಹಿಂದಿನ ಓಣಿಯ ಮನೆಗೆ ಹೋಗಲು ತುದಿಯ ತನಕ ನಡೆದು ಸುತ್ತಿ ಬರಬೇಕಾದೀತು. ಆದರೂ ಲೆಕ್ಕ ಹಾಕಿ ನೋಡಿ. 80 ಮೀಟರಿಗೊಂದು ಓಣಿ, 700 ಮೀಟರಿಗೊಂದು ಅಡ್ಡ ಬೀದಿ ಎಂದರೆ ಒಂದು ಚದರ ಕಿಲೋಮೀಟರಿನಲ್ಲಿ ಸುಮಾರು 14 ಕಿಲೋಮೀಟರ್ ದಾರಿ ಸಿಗುತ್ತದೆ. ಆ ಸಂಖ್ಯೆಯನ್ನು ಕಿಸೆಯಲ್ಲಿಟ್ಟುಕೊಂಡು ಮೆಟ್ರೊ ಹತ್ತಿ. ಬೀಜಿಂಗ್ ಹೇಗೆ ಹಬ್ಬಿತು ಎಂಬುದನ್ನು ಕಾಣಲು ಐದನೇ ಮಾರ್ಗದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. 2007ರ ಅಕ್ಟೋಬರಿನಲ್ಲಿ ಶುರುವಾದ ಈ ಮಾರ್ಗ ಊರನ್ನು ದಕ್ಷಿಣದಿಂದ ಉತ್ತರಕ್ಕೆ ನೇರ ಸೀಳಿಕೊಂಡು ಹೋಗುತ್ತದೆ.

ಯೊಂಗ್‌ಹೆಗೊಂಗ್ ನಿಲ್ದಾಣ ದಾಟಿದ ಕೂಡಲೇ ನಿಮ್ಮ ತಲೆಯ ಮೇಲೆ ಎರಡನೇ ವರ್ತುಲ ರಸ್ತೆ. ಒಂದು ಕಾಲಕ್ಕೆ ಅದೇ ಜಾಗದಲ್ಲಿ ನಗರದ ಕೋಟೆಗೋಡೆ ಇತ್ತು. ವಾಸ್ತುಶಿಲ್ಪಿ ಲಿಯಾಂಗ್ ಸಿಚೆಂಗ್ ಆ ಗೋಡೆಯ ಮೇಲೆ ಜನ ಅಡ್ಡಾಡುವ ಉದ್ಯಾನ ಮಾಡೋಣ ಎಂದಿದ್ದರು. 1950ರಲ್ಲಿ ಅವರೂ ಯೋಜಕ ಚೆನ್ ಝಾನ್‌ಶಿಯಾಂಗ್ ಅವರೂ ಸೇರಿ, ಸರ್ಕಾರಿ ಕಚೇರಿಗಳನ್ನು ಹಳೇ ಊರಿನ ಪಶ್ಚಿಮಕ್ಕೆ ಹೊಸದಾಗಿ ಕಟ್ಟಿ, ಹಳೇ ಊರನ್ನು ಹಾಗೇ ಬಿಡೋಣ ಎಂದು ಸಲಹೆ ಕೊಟ್ಟರು. ಯಾರೂ ಕೇಳಲಿಲ್ಲ. ಗೋಡೆ ಉರುಳಿತು. ಅದರ ಪಾಯದ ಗುಂಟ ಸುರಂಗ ರೈಲು ಬಂತು, ಮೇಲೆ ಹೆದ್ದಾರಿ ಬಂತು. ಎರಡನೇ ವರ್ತುಲ 1992ರಲ್ಲಿ ಮುಗಿಯಿತು, ಉದ್ದ ಸುಮಾರು 33 ಕಿಲೋಮೀಟರ್. ಮೂರನೆಯದು 1994ರಲ್ಲಿ, 48 ಕಿಲೋಮೀಟರ್. ನಾಲ್ಕನೆಯದು 2001ರಲ್ಲಿ, 65. ಐದನೆಯದು 2003ರಲ್ಲಿ, 98. ಆರನೆಯದು 2009ರಲ್ಲಿ, ಸುಮಾರು 188. ಹದಿನೇಳು ವರ್ಷದಲ್ಲಿ ಐದು ಉಂಗುರ. ಪ್ರತಿಯೊಂದೂ ಇದೇ ಊರಿನ ಗಡಿ ಎಂಬಂತೆ ಹುಟ್ಟಿತು, ಪ್ರತಿಯೊಂದನ್ನೂ ಕಟ್ಟಡಗಳು ದಾಟಿಕೊಂಡು ಹೋದವು.

ಹೆಪಿಂಗ್ಲಿಯಲ್ಲಿ ಇಳಿಯಿರಿ. ಇಲ್ಲಿ ಗೋಡೆಯ ಕಥೆಯ ಎರಡನೇ ಅಧ್ಯಾಯ ಇದೆ. 1950ರ ದಶಕದಲ್ಲಿ ಕಾರ್ಮಿಕರಿಗೂ ಸರ್ಕಾರಿ ನೌಕರರಿಗೂ ಕಟ್ಟಿದ ಬಡಾವಣೆಗಳಿವು. ಇಟ್ಟಿಗೆಯ ಉದ್ದುದ್ದ ಕಟ್ಟಡಗಳು, ನಡುವೆ ಸೊಂಪಾಗಿ ಬೆಳೆದ ಮರಗಳು. ಮರದ ಕೆಳಗೆ ನಾಲ್ಕು ಜನ ಚೀನೀ ಚದುರಂಗ ಆಡುತ್ತಿದ್ದಾರೆ, ಹತ್ತು ಜನ ನಿಂತು ಸಲಹೆ ಕೊಡುತ್ತಿದ್ದಾರೆ. ಆ ಕಾಲದಲ್ಲಿ ಕಾರ್ಖಾನೆಯೋ ಸಚಿವಾಲಯವೋ ವಿಶ್ವವಿದ್ಯಾಲಯವೋ ತನ್ನವರಿಗೆಲ್ಲ ತಾನೇ ಮನೆ ಕೊಡುತ್ತಿತ್ತು. ಇಂಥ ಸಂಸ್ಥೆಗೆ ದಾನ್‌ವೇ ಎನ್ನುತ್ತಿದ್ದರು. ದೊಡ್ಡ ದಾನ್‌ವೇ ಎಂದರೆ ಸುತ್ತ ಗೋಡೆ, ಒಂದೆರಡು ಗೇಟು. ಒಳಗೆ ಕೆಲಸದ ಜಾಗ, ಮನೆ, ಊಟದ ಮನೆ, ಶಿಶುವಿಹಾರ, ಆಸ್ಪತ್ರೆ. ಸೋವಿಯತ್ ಮಾದರಿಯ ಯೋಜನೆಯೂ ಇದಕ್ಕೆ ಒತ್ತಾಸೆಯಾಯಿತು: ದೊಡ್ಡ ದೊಡ್ಡ ತುಂಡು ಭೂಮಿ, ಸುತ್ತ ಅಗಲ ರಸ್ತೆ, ಒಳಗೆ ಸಾರ್ವಜನಿಕ ಬೀದಿಯೇ ಇಲ್ಲ.

ಆಗ ಅದು ಯಾರಿಗೂ ತೊಡಕೆನಿಸಲಿಲ್ಲ, ಕಾರಣ ಸರಳ. ಮನೆಯಿಂದ ಕೆಲಸಕ್ಕೆ ಗೋಡೆಯ ಒಳಗೇ ನಡೆದು ಹೋಗಬಹುದಿತ್ತು. ದೂರ ಹೋಗಬೇಕಾದವರಿಗೆ ಸೈಕಲ್ ಇತ್ತು. 1980ರ ದಶಕದ ನಡುವಿನಲ್ಲಿ, ಕಾಲ್ನಡಿಗೆ ಬಿಟ್ಟರೆ, ಬೀಜಿಂಗ್‌ನ ಅರ್ಧಕ್ಕಿಂತ ಹೆಚ್ಚು ಓಡಾಟ ನಡೆಯುತ್ತಿದ್ದದ್ದು ಸೈಕಲ್ ಮೇಲೆ. ಗೋಡೆಯೊಳಗೇ ಬದುಕು ಇರುವಾಗ ಗೋಡೆ ದಾಟುವ ಪ್ರಶ್ನೆ ಎಲ್ಲಿಂದ ಬರಬೇಕು?

ಮತ್ತೆ ರೈಲಿಗೆ ಬನ್ನಿ. ಈಗ ಆರು ಗಂಟೆ, ನುಗ್ಗಲು ಜಾಗವಿಲ್ಲ. ಬ್ಯಾಗನ್ನು ಎದೆಗೆ ತಂದುಕೊಂಡು ಬಾಗಿಲ ಬಳಿ ನಿಲ್ಲಿ. ಮೂರನೇ ವರ್ತುಲ ದಾಟಿತು, ನಾಲ್ಕನೆಯದೂ ದಾಟಿತು. ಸುತ್ತಲಿನವರೆಲ್ಲ ಮೊಬೈಲಿಗೆ ಕಣ್ಣು ನೆಟ್ಟಿದ್ದಾರೆ. ಕಿವಿಯಲ್ಲಿ ಇಯರ್‌ಫೋನ್, ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ. ಇಪ್ಪತ್ತೈದರಿಂದ ಮೂವತ್ತೈದರ ಪ್ರಾಯ. ನಿಲ್ದಾಣ ಬಂದರೂ ಇಳಿಯುವವರು ಕಡಿಮೆ, ಎಲ್ಲರೂ ಕೊನೆಯ ತನಕ ಹೋಗುವವರೇ. ಸುರಂಗದಿಂದ ಏಳುವ ರೈಲು ದಾತುನ್ ರಸ್ತೆಯ ಹತ್ತಿರ ಸೇತುವೆಯ ಮೇಲೆ ಓಡತೊಡಗುತ್ತದೆ. ಕಿಟಕಿಯಲ್ಲಿ ಹಠಾತ್ತನೆ ಆಕಾಶ. ಕೆಳಗೆ ಎಂಟು ಹತ್ತು ಸಾಲಿನಲ್ಲಿ ಕಾರುಗಳ ಕೆಂಪು ದೀಪ. ಐದನೇ ವರ್ತುಲವೂ ಹಿಂದೆ ಬೀಳುತ್ತದೆ. ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡಗಳು ಗುಂಪು ಗುಂಪಾಗಿ ನಿಂತಿವೆ, ಗುಂಪಿಗೂ ಗುಂಪಿಗೂ ನಡುವೆ ಮರಗಳ ಪಟ್ಟಿ, ಖಾಲಿ ಜಾಗ, ರೈಲು ಹಳಿ, ಮತ್ತೆ ಕಟ್ಟಡ.

ಇದೆಲ್ಲ ತನ್ನಷ್ಟಕ್ಕೆ ಹಬ್ಬಿದ್ದಲ್ಲ. 1988ರಲ್ಲಿ ಸಂವಿಧಾನ ತಿದ್ದುಪಡಿಯಾಗಿ ಭೂಮಿಯ ಬಳಕೆಯ ಹಕ್ಕನ್ನು ಮಾರಲು ದಾರಿಯಾಯಿತು. 1994ರ ತೆರಿಗೆ ಸುಧಾರಣೆಯಲ್ಲಿ ಆದಾಯದ ದೊಡ್ಡ ಪಾಲು ಕೇಂದ್ರಕ್ಕೆ ಹೋಯಿತು, ಸ್ಥಳೀಯ ಸರ್ಕಾರಗಳಿಗೆ ಉಳಿದ ಕಾಮಧೇನು ಎಂದರೆ ಭೂಮಿ. 1998ರಲ್ಲಿ ದಾನ್‌ವೇಗಳು ಮನೆ ಹಂಚುವ ಪದ್ಧತಿ ನಿಂತಿತು, ಮನೆ ಎನ್ನುವುದು ಕೊಳ್ಳುವ ವಸ್ತುವಾಯಿತು. ಸರ್ಕಾರ ದೊಡ್ಡ ತುಂಡುಗಳನ್ನು ಬಿಲ್ಡರ್‌ಗಳಿಗೆ ಕೊಟ್ಟಿತು. ತುಂಡು ದೊಡ್ಡದಾದಷ್ಟೂ ಸರ್ಕಾರಕ್ಕೆ ರಸ್ತೆಯ ಖರ್ಚು ಕಡಿಮೆ, ಒಳಗಿನ ದಾರಿಗಳು ಬಿಲ್ಡರ್ ಪಾಲು. ಬಿಲ್ಡರ್ ಒಳಗೆ ಹೂದೋಟ ಮಾಡಿದ, ಸುತ್ತ ಬೇಲಿ ಹಾಕಿದ, ಗೇಟಿನಲ್ಲಿ ಕಾವಲು ನಿಲ್ಲಿಸಿದ. ಇಂಥ ಬಡಾವಣೆಗೆ ಶಿಯಾವ್‌ಚು ಎಂದು ಹೆಸರು. ದಾನ್‌ವೇ ಹೋಯಿತು, ಅದರ ಗೋಡೆ ಉಳಿದುಕೊಂಡಿತು. ಗೋಡೆಯೊಳಗಿದ್ದ ಕೆಲಸ ಮಾತ್ರ ಇಪ್ಪತ್ತು ಕಿಲೋಮೀಟರ್ ದೂರ ಹೋಯಿತು. ಬೀಜಿಂಗ್‌ನ ಇಂದಿನ ಸಂಕಟವೆಲ್ಲ ಈ ಒಂದು ಬದಲಾವಣೆಯ ಸುತ್ತ ಇದೆ.

ತಿಯಾನ್‌ತೊಂಗ್‌ಯುವಾನ್. ಬಾಗಿಲು ತೆರೆದದ್ದೇ ಬೋಗಿಯ ಅರ್ಧ ಜನ ಹೊರಗೆ ಚೆಲ್ಲುತ್ತಾರೆ, ನಿಮ್ಮ ಕಾಲಿಗೆ ಕೆಲಸವೇ ಇಲ್ಲ. ಮಧ್ಯಮ ವರ್ಗಕ್ಕೆ ಕೈಗೆಟುಕುವ ಮನೆ ಎಂದು 1990ರ ದಶಕದ ಕೊನೆಗೆ ಆರಂಭವಾದ ಈ ಯೋಜನೆ ಬೆಳೆದು ಬೆಳೆದು ಲಕ್ಷಗಟ್ಟಲೆ ಜನರ ಊರಾಗಿದೆ. ಏಷ್ಯಾದ ಅತಿ ದೊಡ್ಡ ವಸತಿ ಬಡಾವಣೆ ಎಂದು ಪತ್ರಿಕೆಗಳು ಕರೆಯುವುದುಂಟು. ಬೀಜಿಂಗ್‌ನವರು ಇದನ್ನು ಮಲಗುವ ಊರು ಎನ್ನುತ್ತಾರೆ. ಹಗಲಿಗೆ ಖಾಲಿ, ರಾತ್ರಿಗೆ ಭರ್ತಿ. ನಿಲ್ದಾಣದ ಹೊರಗೆ ಕಬ್ಬಿಣದ ಕಟಕಟೆಗಳು ಹಾವಿನಂತೆ ಸುತ್ತಿಕೊಂಡಿವೆ. ಬೆಳಗಿನ ಸಾಲು ನಿಲ್ಲಿಸಲು ಹಾಕಿದವು ಅವು.

ರಸ್ತೆಗೆ ಬನ್ನಿ. ಇದು ಲಿತಾಂಗ್ ರಸ್ತೆ. ಎಷ್ಟು ಅಗಲವೆಂದರೆ ಆ ಬದಿಯ ಅಂಗಡಿಯ ಬೋರ್ಡು ಓದಲು ಕಣ್ಣು ಕಿರಿದು ಮಾಡಬೇಕು. ದಾಟಲು ಸೇತುವೆಯನ್ನೋ ಸಿಗ್ನಲನ್ನೋ ಹುಡುಕಬೇಕು. ಎಲ್ಲಿಂದಲೋ ಹಾಡು ಕೇಳಿಸುತ್ತಿದೆ, ಚೌಕದಲ್ಲಿ ಹೆಂಗಸರು ಸಾಲಾಗಿ ನಿಂತು ಕುಣಿಯುತ್ತಿದ್ದಾರೆ. ಮೂರು ಗಾಲಿಯ ಗಾಡಿಯವರು "ಪಶ್ಚಿಮದ ಗೇಟಾ? ಉತ್ತರದ ಗೇಟಾ?" ಎಂದು ಕೂಗಿ ಜನ ತುಂಬಿಸಿಕೊಳ್ಳುತ್ತಿದ್ದಾರೆ. ಇಲ್ಲಿ ವಿಳಾಸ ಶುರುವಾಗುವುದೇ ಗೇಟಿನಿಂದ. ಅದರ ಕಾರಣ ತಿಳಿಯಬೇಕಾದರೆ ಗಾಡಿ ಹತ್ತದೆ ಬೇಲಿಯ ಗುಂಟ ನಡೆದು ನೋಡಿ.

ಹೆಜ್ಜೆ ಹಾಕುತ್ತಲೇ ಇದ್ದೀರಿ, ಬೇಲಿ ಮುಗಿಯುತ್ತಿಲ್ಲ. ಸರಳುಗಳ ಸಂದಿನಿಂದ ಒಳಗಿನ ಮಕ್ಕಳ ಜಾರುಬಂಡಿ ಕಾಣುತ್ತದೆ, ಅಜ್ಜ ಮೊಮ್ಮಗನನ್ನು ಕರೆಯುವುದು ಕೇಳುತ್ತದೆ. ಒಂದು ಸಣ್ಣ ಗೇಟು ಬಂತು, ಬೀಗ. ಇನ್ನೊಂದು ಗೇಟಿಗೆ ನಿವಾಸಿಗಳ ಕಾರ್ಡು ಬೇಕು. 500 ಮೀಟರ್ ಚೌಕದ ಒಂದು ಬಡಾವಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮ ಮನೆ ಉತ್ತರದ ಬೇಲಿಗೆ ತಾಗಿದೆ, ದಿನಸಿ ಅಂಗಡಿ ಬೇಲಿಯ ಆಚೆಗೇ ಇದೆ, ತೆರೆದ ಗೇಟು ಇರುವುದು ದಕ್ಷಿಣದಲ್ಲೊಂದೇ. ಕೈಗೆಟುಕುವಂತಿರುವ ಅಂಗಡಿಗೆ ನೀವು ಒಂದೂವರೆ ಕಿಲೋಮೀಟರ್ ಸುತ್ತಬೇಕು. ಉಪ್ಪು ತರಲು ಅಷ್ಟು ದೂರ ಯಾರು ನಡೆಯುತ್ತಾರೆ? ಸ್ಕೂಟರ್ ಹತ್ತುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಆರ್ಡರ್ ಮಾಡುತ್ತಾರೆ.

ನಕ್ಷೆ ನೋಡುವವರು ಈ ಸುತ್ತುದಾರಿಯನ್ನು ಅಳೆಯುವ ಬಗೆಗಳಿವೆ. ಒಂದು ಕೂಡುಹಾದಿಯಲ್ಲಿ ಎಷ್ಟು ಬೀದಿಗಳು ಸೇರುತ್ತವೆ, ಎಷ್ಟು ಬೀದಿಗಳು ಮುಂದೆ ದಾರಿಯಿಲ್ಲದೆ ಕೊನೆಯಾಗುತ್ತವೆ, ಹಕ್ಕಿ ಹಾರುವ ದೂರಕ್ಕಿಂತ ಕಾಲು ನಡೆಯುವ ದೂರ ಎಷ್ಟು ಪಟ್ಟು ಎಂದು ಎಣಿಸುತ್ತಾರೆ. ಕ್ರಿಸ್ಟೊಫರ್ ಬ್ಯಾರಿಂಗ್‌ಟನ್ ಲೀ ಮತ್ತು ಆಡಂ ಮಿಲಾರ್ಡ್ ಬಾಲ್ ಇಡೀ ಜಗತ್ತಿನ ಬೀದಿಗಳನ್ನು ಹೀಗೆ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಹಬ್ಬಿದ ನಗರಭಾಗಗಳ ಬೀದಿಗಳು ಒಂದಕ್ಕೊಂದು ಕೂಡುವುದು ಜಗತ್ತಿನ ಬಹುಭಾಗದಲ್ಲಿ ಕಡಿಮೆಯಾಗುತ್ತಿದೆ ಎಂದು ಕಂಡುಕೊಂಡರು. ಬೀದಿ ಒಮ್ಮೆ ಬಿದ್ದರೆ ಶತಮಾನಗಟ್ಟಲೆ ಉಳಿಯುತ್ತದೆ, ದೊಂಗ್‌ಸಿಯಲ್ಲಿ ಅದನ್ನು ನೋಡಿಯೇ ಬಂದಿದ್ದೀರಿ. ತಪ್ಪಾಗಿ ಬಿದ್ದರೂ ಅಷ್ಟೇ ಕಾಲ ಉಳಿಯುತ್ತದೆ. ಇನ್ನು ಬೀಜಿಂಗ್‌ನ ವಿಷಯದಲ್ಲಿ ನಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ನಕ್ಷೆಯಲ್ಲಿ ಗೆರೆ ಇರಬಹುದು, ಗೆರೆಯ ತುದಿಯಲ್ಲಿ ಬೀಗವೂ ಇರಬಹುದು.

ಬೀಜಿಂಗ್‌ನ ಆಳುವವರಿಗೆ ಇದು ತಿಳಿಯದ ಸಂಗತಿಯಲ್ಲ. 2016ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯೂ ರಾಜ್ಯ ಮಂಡಳಿಯೂ ಸೇರಿ ನಗರ ಯೋಜನೆಯ ಬಗ್ಗೆ ಸೂಚನೆ ಹೊರಡಿಸಿದವು. ಕಿರಿದಾದ ರಸ್ತೆ, ಒತ್ತಾದ ಜಾಲ ಬೇಕು. ಇನ್ನು ಮುಂದೆ ತಾತ್ವಿಕವಾಗಿ ಮುಚ್ಚಿದ ಬಡಾವಣೆ ಕಟ್ಟಬಾರದು. ಇರುವವನ್ನೂ ಹಂತಹಂತವಾಗಿ ತೆರೆಯಬೇಕು. 2020ರ ಹೊತ್ತಿಗೆ ನಗರದ ಕಟ್ಟಿದ ಭಾಗದಲ್ಲಿ ಚದರ ಕಿಲೋಮೀಟರಿಗೆ 8 ಕಿಲೋಮೀಟರ್ ರಸ್ತೆ ಇರಬೇಕು. ಎಂಟು ಎಂದರೆ ಸರಿಸುಮಾರು 250 ಮೀಟರಿಗೊಂದು ಬೀದಿ. 500 ಮೀಟರ್ ಚೌಕಗಳಾದರೆ ಸಿಗುವುದು ನಾಲ್ಕೇ. ನಿಮ್ಮ ಕಿಸೆಯಲ್ಲಿರುವ ದೊಂಗ್‌ಸಿಯ ಹದಿನಾಲ್ಕನ್ನು ಹೊರತೆಗೆದು ಪಕ್ಕಕ್ಕಿಟ್ಟು ನೋಡಿ. ಅಗಲ ಮಾಡಿದ ರಸ್ತೆ ಹೆಚ್ಚು ಡಾಂಬರು ಕೊಡುತ್ತದೆ, ಹೆಚ್ಚು ದಾರಿ ಕೊಡುವುದಿಲ್ಲ.

ಸೂಚನೆ ಹೊರಬಿದ್ದದ್ದೇ ಜನ ಕೆರಳಿದರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬಡಾವಣೆಯ ಒಳಗಿನ ದಾರಿಗಳು ಮನೆಯ ಒಡೆಯರೆಲ್ಲರ ಜಂಟಿ ಆಸ್ತಿ ಎಂದು ಆಗ ಜಾರಿಯಲ್ಲಿದ್ದ 2007ರ ಆಸ್ತಿ ಕಾನೂನು ಹೇಳುತ್ತಿತ್ತು. ಆ ದಾರಿಗೂ ತೋಟಕ್ಕೂ ಸೇರಿಸಿಯೇ ತಾವು ದುಡ್ಡು ಕೊಟ್ಟಿದ್ದೇವೆ, ಮಕ್ಕಳು ಆಡುವಲ್ಲಿ ಕಾರು ಬಿಡುವುದೇ ಎಂದು ಕೇಳಿದರು. ಗೋಡೆ ತೆರೆಯುವುದೆಂದರೆ ಎಲ್ಲವನ್ನೂ ಕೆಡವುವುದಲ್ಲ ಎಂದು ವಸತಿ ಸಚಿವಾಲಯ ಸಮಾಧಾನ ಹೇಳಬೇಕಾಯಿತು. ಆಮೇಲೆ 2020 ಬಂತು. ಸೋಂಕಿನ ಭಯಕ್ಕೆ ಎಷ್ಟೋ ಬಡಾವಣೆಗಳು ಒಂದು ಗೇಟನ್ನು ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿದವು. ಬಂದವರ ಜ್ವರ ನೋಡಿ ಒಳಗೆ ಬಿಡುವ ಕೆಲಸಕ್ಕೆ ಗೋಡೆಯಷ್ಟು ಅನುಕೂಲ ಇನ್ನೊಂದಿರಲಿಲ್ಲ. ತೆರೆಯಿರಿ ಎಂದವರೇ ಮುಚ್ಚಿಸುವ ಹೊತ್ತು ಬಂದಿತ್ತು.

ಮರುದಿನ ಬೆಳಗ್ಗೆ ಏಳಕ್ಕೇ ಹೊರಡಿ. ನಿನ್ನೆ ಖಾಲಿಯಿದ್ದ ಕಟಕಟೆಗಳಲ್ಲಿ ಜನ ತುಂಬಿದ್ದಾರೆ, ಸಾಲು ನಾಲ್ಕು ಹೆಜ್ಜೆ ಸರಿಯುತ್ತದೆ, ನಿಲ್ಲುತ್ತದೆ. ಲಿಷುಯಿಚಿಯಾವ್‌ನಲ್ಲಿ ಹದಿಮೂರನೇ ಮಾರ್ಗಕ್ಕೆ ಬದಲಿಸಿ ಪಶ್ಚಿಮಕ್ಕೆ ಹೋಗಿ. ಈ ರೈಲು ಓಡುವುದು ಬಹುಪಾಲು ನೆಲದ ಮೇಲೆ, ಎರಡೂ ಕಡೆ ಬೇಲಿ. ಜನರನ್ನು ದೂರಕ್ಕೆ ಸಾಗಿಸುವ ಹಳಿಯೇ ಅಕ್ಕಪಕ್ಕದ ಬಡಾವಣೆಗಳನ್ನು ಬೇರೆ ಮಾಡುತ್ತದೆ. ಹುಯಿಲೊಂಗ್‌ಗುವಾನ್ ದಾಟಿ ಲೊಂಗ್‌ಜೆಯಲ್ಲಿ ಇಳಿಯಿರಿ. ಇದೂ ತಿಯಾನ್‌ತೊಂಗ್‌ಯುವಾನ್‌ನಂಥದೇ ಮಲಗುವ ಊರು. ಇಲ್ಲಿಯವರಲ್ಲಿ ಅನೇಕರು ದುಡಿಯುವುದು ನೈಋತ್ಯಕ್ಕಿರುವ ಶಾಂಗ್‌ದಿಯ ಸಾಫ್ಟ್‌ವೇರ್ ಕಂಪನಿಗಳಲ್ಲಿ. ದೂರ ದೊಡ್ಡದಲ್ಲ, ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಆದರೆ ನಡುವೆ ರೈಲು ಹಳಿ, ಹೆದ್ದಾರಿ.

ಅದಕ್ಕೇ 2019ರ ಮೇ 31ರಂದು ಬೀಜಿಂಗ್ ಇಲ್ಲಿ ಸೈಕಲ್ಲಿಗೆಂದೇ ಒಂದು ರಸ್ತೆ ತೆರೆಯಿತು. ತೆರೆದಾಗ 6.5 ಕಿಲೋಮೀಟರ್ ಉದ್ದ, 6 ಮೀಟರ್ ಅಗಲ. ಒಂದು ಬಾಡಿಗೆ ಸೈಕಲ್ ತೆಗೆದುಕೊಂಡು ಇಳಿಜಾರು ಏರಿ. ಕಾರಿಲ್ಲ, ಎಲೆಕ್ಟ್ರಿಕ್ ಸ್ಕೂಟರ್ ಇಲ್ಲ, ನಡೆಯುವವರಿಗೂ ಪ್ರವೇಶವಿಲ್ಲ. ಗಂಟೆಗೆ 20 ಕಿಲೋಮೀಟರ್ ಮೀರುವಂತಿಲ್ಲ. ನಡುವಿನ ಪಥ ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ. ಬೆನ್ನಚೀಲ ಹೊತ್ತ ಹುಡುಗಿಯೊಬ್ಬಳು ನಿಮ್ಮನ್ನು ದಾಟಿ ಹೋಗುತ್ತಾಳೆ. ಮುಖಕ್ಕೆ ತಣ್ಣನೆ ಗಾಳಿ, ಕೆಳಗೆ ಹೆದ್ದಾರಿಯಲ್ಲಿ ಕಾರುಗಳು ಇಂಚಿಂಚು ಸರಿಯುತ್ತಿವೆ. ಒಂದು ಕ್ಷಣ ಜಗತ್ತೇ ಸರಿಹೋದಂತೆ ಅನಿಸುತ್ತದೆ, ಅನಿಸಲಿ ಬಿಡಿ.

ಆದರೆ ಎಡಬಲ ನೋಡುತ್ತಾ ಪೆಡಲ್ ತುಳಿಯಿರಿ. ಈ ರಸ್ತೆಗೆ ಹತ್ತಲು ಇಳಿಯಲು ಕೆಲವೇ ಜಾಗಗಳು. ಇದು ಎರಡು ತುದಿಗಳನ್ನು ಹೊಲಿದ ದಾರ, ನಡುವಿನ ಊರನ್ನು ಹೆಣೆದ ಬಲೆಯಲ್ಲ. ಹಳಿ, ಹೆದ್ದಾರಿಗಳನ್ನು ದಾಟಲು ಇಂಥ ಸೇತುವೆ ಬೇಕೇ ಬೇಕು, ಅದನ್ನು ಕಟ್ಟುವ ಹಣಕ್ಕೂ ಎಂಜಿನಿಯರುಗಳಿಗೂ ಬೀಜಿಂಗ್‌ನಲ್ಲಿ ಕೊರತೆಯಿಲ್ಲ. ನಿನ್ನೆ ಸಂಜೆ ನೀವು ಸುತ್ತಿದ ಬೇಲಿಗೆ ಬೇಕಿರುವುದು ಅದಲ್ಲ. ಅಲ್ಲಿ ಗೇಟುಗಳು ಆಗಲೇ ಇವೆ. ಅವುಗಳ ಬೀಗ ತೆಗೆಯಬೇಕು. ಅದಕ್ಕೆ ನೂರಾರು ಮನೆಯವರು ಒಂದೆಡೆ ಕೂತು ಒಪ್ಪಬೇಕು, ಕಾವಲುಗಾರನ ಸಂಬಳ ಯಾರು ಕೊಡುವುದೆಂದು ತೀರ್ಮಾನವಾಗಬೇಕು, ಕಾರಿಗಲ್ಲ, ಕಾಲಿಗೂ ಸೈಕಲ್ಲಿಗೂ ಮಾತ್ರ ಎಂಬ ಭರವಸೆ ಸಿಗಬೇಕು, ಆ ಭರವಸೆಯನ್ನು ಜನ ನಂಬಬೇಕು. ಹದಿನೇಳು ವರ್ಷದಲ್ಲಿ ಐದು ವರ್ತುಲ ಮುಗಿಸಿದ ಊರಿಗೆ ಇದು ಅವೆಲ್ಲಕ್ಕಿಂತ ಕಷ್ಟದ ಕಾಮಗಾರಿ. ಖರ್ಚು ನೋಡಿದರೆ ಅವೆಲ್ಲಕ್ಕಿಂತ ಅಗ್ಗದ್ದೂ ಹೌದು.